ಕೈ ನೋಡಿ ಕೋಲು ಕೆತ್ತುವ ಕೋಲಣ್ಣ

ಬೆಳಗಿನ ಬೆಳಕು ಹಿತ್ತಲ ಕೋಣೆಯ ಕಿಟಕಿಯಿಂದ ಓರೆಯಾಗಿ ಒಳಗೆ ಬೀಳುವ ಹೊತ್ತಿಗೆ ಕೋಲಣ್ಣ ಮೇಜಿಗೆ ಬಿಗಿದ ಇಕ್ಕಳದ ಮುಂದೆ ಕೂತಾಗಿದೆ. ಇಕ್ಕಳದ ಬಾಯಲ್ಲಿ ಜಾಲಿ ಮರದ ಹಿಡಿಕೆ. ಅದರ ಮೇಲೆ ಅರ ಆಡಿಸುತ್ತಾರೆ, ನಿಲ್ಲಿಸುತ್ತಾರೆ, ಉಫ್ ಎಂದು ಪುಡಿ ಊದಿ ತಲೆ ಬಗ್ಗಿಸಿ ನೋಡುತ್ತಾರೆ. ಓರೆ ಬೆಳಕಿನಲ್ಲಿ ಮರದ ಮೇಲಿನ ಸಣ್ಣ ಉಬ್ಬಿಗೂ ನೆರಳು ಬೀಳುತ್ತದೆ. ಹೊತ್ತೇರಿದರೆ ಎಲ್ಲವೂ ನುಣ್ಣಗೇ ಕಾಣುತ್ತದೆ, ಅದನ್ನು ನಂಬಿ ಕೂತರೆ ಕೆಲಸ ಕೆಟ್ಟಂತೆಯೇ. ಉಳಿ, ಕೊಡತಿಯ ಸದ್ದೇನಿದ್ದರೂ ಅಕ್ಕಪಕ್ಕದವರು ಎದ್ದ ಮೇಲೆ.

ಬಲಗೈಗೆ ಹಳೆ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿಕೊಂಡಿದ್ದಾರೆ. ಗಾಯವಾಗಿದೆಯೇ ಎಂದು ಕೇಳಿದರೆ ನಗುತ್ತಾರೆ. "ಗಾಯ ಏನಿಲ್ಲ. ಇದು ಈ ಕೈಗೆ ಹಾಕಿರೋ ಕಡಿವಾಣ. ಬಿಟ್ರೆ ಸಾಕು, ಹೋಗಿ ಹಿಡಿಕೇನ ಹಿಡ್ಕೊಂಡು ಬಿಡುತ್ತೆ."

ಊರುಗೋಲು ಮಾಡುವವರು ಊರುಗೋಲಿನ ಹಿಡಿಕೆ ಹಿಡಿಯಬಾರದೇ? ಅಡುಗೆ ಮಾಡುವವರಿಗೆ ಉಪ್ಪು ನೋಡಬೇಡ ಎಂದ ಹಾಗಾಯಿತು. ಆದರೆ ಈ ಮನೆಯಲ್ಲಿ ಕೆಲವು ತಿಂಗಳಿಂದ ಅದೇ ಕಾನೂನು. ಕಾನೂನು ಮಾಡಿದವರು ಕೋಲಣ್ಣನ ಹೆಂಡತಿ.

ಕೋಲಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಹರೆಯದಲ್ಲಿ ಅವರು ಕುರ್ಚಿ, ಮೇಜು ಮಾಡುವ ಕಾರ್ಖಾನೆಯಲ್ಲಿದ್ದರು. ಹಗಲೆಲ್ಲ ಕುರ್ಚಿಯ ಕಾಲು ಕಡೆಯುವುದೇ ಕೆಲಸ. ಕಾರ್ಖಾನೆ ಬಾಗಿಲು ಹಾಕಿಕೊಂಡ ಮೇಲೆ ಉಳಿಗಳನ್ನು ಕಟ್ಟಿಕೊಂಡು ಮನೆಗೆ ಬಂದರು. ಏನು ಮಾಡುವುದೆಂದು ತೋಚದೆ ಕೂತಿದ್ದಾಗ ಅತ್ತೆ ಮೆಟ್ಟಿಲಲ್ಲಿ ಜಾರಿ ಬಿದ್ದರು. ಅಂಗಡಿಯ ಕೋಲು ಅವರ ಗುಬ್ಬಿ ಕೈಗೆ ದೊಡ್ಡದಾಯಿತು. ಅಳಿಯ ಕೂತು ಒಂದು ಹಿಡಿಕೆ ಕೆತ್ತಿಕೊಟ್ಟರು. ಅತ್ತೆ ಅದನ್ನು ಊರಿಕೊಂಡು ಮನೆಮನೆಗೂ ಹೋಗಿ ತೋರಿಸಿ ಬಂದರು.

"ನಮ್ಮಮ್ಮ ಅಳಿಯನ್ನ ಹೊಗಳಿದ್ದು ಅದೇ ಮೊದಲು, ಅದೇ ಕೊನೆ" ಎನ್ನುತ್ತಾರೆ ಹೆಂಡತಿ. "ಅದೊಂದು ಹೊಗಳಿಕೇಲೇ ಇವರ ಜೀವನ ನಡೀತಿದೆ."

ವಾರಕ್ಕೆ ಎರಡು ಕೋಲು, ಮೈ ಬಗ್ಗಿದರೆ ಮೂರು. ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಜಾಲಿ ಮರ ಹಸಿಯಿದ್ದಾಗ ಹೇಳಿದ ಮಾತು ಕೇಳುತ್ತದೆ, ಆಮೇಲೆ ತನ್ನಿಷ್ಟಕ್ಕೆ ತಿರುಚಿಕೊಳ್ಳುತ್ತದೆ. ಚೆನ್ನಾಗಿ ಒಣಗಿದರೆ ಉಳಿಗೇ ಹಲ್ಲು ಕಿರಿಯುತ್ತದೆ, ಕೆತ್ತಿದ ಮೇಲೆ ಮಾತ್ರ ಅಲುಗುವುದಿಲ್ಲ. ಹಾಗಾಗಿ ತುಂಡುಗಳು ವರ್ಷಗಟ್ಟಲೆ ಮನೆಯಲ್ಲೇ ಒಣಗುತ್ತವೆ. "ಮಂಚದ ಮೇಲೆ ನಾವು, ಕೆಳಗೆ ಅದು" ಎಂದು ಹೆಂಡತಿ ಗೊಣಗುತ್ತಾರೆ. ಗೊಣಗುತ್ತಲೇ ಆ ತುಂಡುಗಳನ್ನು ಆಗಾಗ ಮಗುಚಿ ಹಾಕುವವರೂ ಅವರೇ.

ಹಿಂದೆಲ್ಲ ಕೋಲಣ್ಣ ಬಂದವರ ಕೈಯನ್ನು ಒಮ್ಮೆ ಹಿಡಿದು ನೋಡುತ್ತಿದ್ದರು, ಅಷ್ಟೇ. ಉಬ್ಬು, ತಗ್ಗು, ಹೆಬ್ಬೆರಳು ಕೂರುವ ಜಾಗ ಎಲ್ಲವನ್ನೂ ತಮ್ಮ ಅಂಗೈಯಲ್ಲಿ ಹಿಡಿದು ಹಿಡಿದು ಸರಿಮಾಡುತ್ತಿದ್ದರು. ತಮ್ಮ ಕೈಗೆ ಹಿತವಾದರೆ ಕೋಲು ಮುಗಿದಂತೆ. ಯಾರೂ ದೂರು ಹೇಳಿರಲಿಲ್ಲ.

ಕಳೆದ ವರ್ಷ ಎದುರು ಮನೆಯ ಸಿಸ್ಟರಮ್ಮ ಹೇಳಿದರು. ನರ್ಸ್ ಕೆಲಸದಿಂದ ನಿವೃತ್ತರಾದ ಅವರ ಮಂಡಿ ಸವೆದಿದೆ, ಕೋಲಿಲ್ಲದೆ ಮೆಟ್ಟಿಲಿಳಿಯುವಂತಿಲ್ಲ. ಹೊಸ ಕೋಲು ಒಯ್ದ ಕೆಲವೇ ದಿನಕ್ಕೆ ವಾಪಸ್ ತಂದು, "ಕೋಲಣ್ಣ, ಇದು ಕೈಯನ್ನ ಒಳಗೆ ಎಳೀತಿದೆ" ಎಂದರು. ಕೋಲಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. "ಕೋಲು ಸರಿಯಾಗೇ ಇದೆ, ನಿಮ್ಮ ಕೈನೇ ಡಾಕ್ಟ್ರಿಗೆ ತೋರಿಸ್ಕೊಳ್ಳಿ" ಎಂದುಬಿಟ್ಟರು. ಸಿಸ್ಟರಮ್ಮ ಕೋಲನ್ನು ಗೋಡೆಗೊರಗಿಸಿ, ಗೇಟು ಹಿಡಿದುಕೊಂಡು ಹೊರಟುಹೋದರು.

ಹೆಂಡತಿ ಅದನ್ನು ಊರಿಕೊಂಡು ಅಂಗಳ ಸುತ್ತಿದರು. "ರೀ, ಅವರು ಹೇಳಿದ್ದು ಸರಿ" ಎಂದರು. ಕೊಡಲು ಇಟ್ಟಿದ್ದ ಬೇರೆ ಕೋಲುಗಳನ್ನೂ ಹಿಡಿದರು. ಎಲ್ಲವೂ ಹಾಗೇ. ಕೊನೆಗೆ ಗಂಡನ ಅಂಗೈಗೆ ತಮ್ಮ ಅಂಗೈ ಜೋಡಿಸಿ ಹಿಡಿದರು. ಹೆಂಡತಿಯ ಹೆಬ್ಬೆರಳು ನೆಟ್ಟಗೆ ನಿಂತಿತು, ಕೋಲಣ್ಣನದು ನಿಲ್ಲಲಿಲ್ಲ. ಇಷ್ಟು ವರ್ಷ ಉಳಿ ಒತ್ತಿ ಒತ್ತಿ ಬುಡದಲ್ಲೇ ಒಳಕ್ಕೆ ಬಾಗಿತ್ತು. ನೋವಿರಲಿಲ್ಲವಾದ್ದರಿಂದ ಗಮನಕ್ಕೇ ಬಂದಿರಲಿಲ್ಲ. ಎಲ್ಲರ ಕೋಲಿಗೂ ಆ ಬಾಗಿದ ಬೆರಳೇ ಅಳತೆಯಾಗಿತ್ತು.

ಕೋಲಣ್ಣ ಸಿಸ್ಟರಮ್ಮನ ಕೋಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿದರು. ಈಚಿನ ವರ್ಷಗಳಲ್ಲಿ ಕೋಲು ಒಯ್ದವರ ಮನೆಗೆಲ್ಲ ಹೋಗಿ ವಾಪಸ್ ಕೊಡಿ ಎಂದು ಕೇಳಿದರು. ಕೆಲವರು ಕೊಟ್ಟರು. ಒಬ್ಬ ಹಿರಿಯರು ಮಾತ್ರ, "ಬಿಡಪ್ಪಾ, ಕೈ ಹೊಂದಿಕೊಂಡಿದೆ" ಎಂದರಂತೆ. "ಅವರು ಬೈದಿದ್ರೆ ತಡ್ಕೋಬೋದಿತ್ತು. ನನ್ನ ತಪ್ಪಿಗೆ ಅವರ ಕೈ ಹೊಂದ್ಕೋಬೇಕಾ?" ಹೀಗೆ ಹೇಳುವಾಗ ಕೋಲಣ್ಣನ ದನಿ ಇಳಿಯುತ್ತದೆ.

ಆ ಹಿರಿಯರ ಮನೆಯಿಂದ ಬಂದ ದಿನವೇ ಉಳಿಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟರು. ಯಾರಾದರೂ ಕೇಳಿದರೆ ಮುರಿದ ಸ್ಟೂಲು ರಿಪೇರಿ ಮಾಡಿಕೊಡುತ್ತಿದ್ದರು, ಅಷ್ಟೇ. ಎದುರಿಗೆ ಸಿಸ್ಟರಮ್ಮ ಕಬ್ಬಿಣದ ಕೋಲು ಹಿಡಿದು ಮೆಟ್ಟಿಲಿಳಿಯುವುದು ಮುಂಬಾಗಿಲ ಪಕ್ಕದ ಕಿಟಕಿಯಿಂದ ಕಾಣುತ್ತಿತ್ತು. ಕೋಲಣ್ಣ ಆ ಕಿಟಕಿ ಮುಚ್ಚಿಬಿಡುತ್ತಿದ್ದರು.

ದಾರಿ ತೋರಿಸಿದ್ದು ಹಿಟ್ಟಿನ ಉಂಡೆ. ಹಿಟ್ಟು ನಾದುತ್ತಿದ್ದ ಹೆಂಡತಿ ಅದನ್ನೊಮ್ಮೆ ಬಿಗಿಯಾಗಿ ಹಿಡಿದು, ಹಾಗೇ ತಂದು ಗಂಡನ ಮುಂದಿಟ್ಟರು. "ನನ್ನ ಕೈ ಇಲ್ಲೇ ಇದೆಯಲ್ಲ, ಇದನ್ನ ನೋಡಿ ಕೆತ್ತಿ." ಈಗ ಬಂದವರು ಹಸಿ ಜೇಡಿಮಣ್ಣಿನ ಉಂಡೆ ಹಿಡಿದು ಅಚ್ಚು ಕೊಟ್ಟು ಹೋಗುತ್ತಾರೆ. ಅದು ಒಣಗಿದ ಮೇಲೆ ಕೋಲಣ್ಣ ಅದನ್ನೇ ನೋಡಿ ಕೆತ್ತುತ್ತಾರೆ. ಕೆತ್ತಿದ್ದು ಅಚ್ಚಿನಂತಿದೆಯೇ ಎಂದು ಕಣ್ಣು ಮುಚ್ಚಿ ಸವರಿ ನೋಡುವುದು ಹೆಂಡತಿಯ ಪಾಲಿನ ಕೆಲಸ. ಹಿಡಿದು ನೋಡುವ ಚಪಲ ಕೋಲಣ್ಣನಿಗೆ ಇನ್ನೂ ಹೋಗಿಲ್ಲ. ಅದಕ್ಕೇ ಕೈಗೆ ಬಟ್ಟೆಯ ಪಟ್ಟಿ.

ಅಚ್ಚು ಕೊಡಲು ಸಿಸ್ಟರಮ್ಮನನ್ನು ಕರೆತಂದವರೂ ಹೆಂಡತಿಯೇ. ಇಕ್ಕಳದಲ್ಲಿರುವುದು ಅವರದೇ ಕೋಲಿನ ಹಿಡಿಕೆ. ಇದೂ ಎಳೆದರೆ ಉಳಿ ಮತ್ತೆ ಮುಟ್ಟುವುದಿಲ್ಲ ಎಂದು ಕೋಲಣ್ಣ ಹೆಂಡತಿಗೆ ಹೇಳಿಬಿಟ್ಟಿದ್ದಾರೆ. ಹೇಳಿದ್ದನ್ನು ಮಾಡುವ ಆಸಾಮಿ.

ಹಿಡಿಕೆಗೆ ಕೋಲು ಕೂರಿಸುವ ಹೊತ್ತಿಗೆ ಸಿಸ್ಟರಮ್ಮ ಬರುತ್ತಾರೆ. ಕಬ್ಬಿಣದ ಕೋಲನ್ನು ಬದಿಗಿಟ್ಟು ಇದನ್ನು ಹಿಡಿದು ಗೇಟಿನ ತನಕ ಹೋಗುತ್ತಾರೆ, ತಿರುಗಿ ಬರುತ್ತಾರೆ. ಕೋಲಣ್ಣ ನೋಡುತ್ತಿರುವುದು ಅವರ ಹೆಬ್ಬೆರಳನ್ನೇ.

"ಏನಾದ್ರೂ ಹೇಳಿ ಸಿಸ್ಟರಮ್ಮ" ಎನ್ನುತ್ತಾರೆ ಹೆಂಡತಿ, ತಡೆಯಲಾರದೆ.

"ಏನಂತ ಹೇಳ್ಲಿ? ಅಲ್ಲಿಂದ ಇಲ್ಲೀತನಕ ಕೋಲಿನ ಯೋಚನೇನೇ ಬರ್ಲಿಲ್ಲ. ಒಲೆ ಮೇಲೆ ಹಾಲಿಟ್ಟು ಬಂದಿದ್ದು ನೆನಪಾಯ್ತು" ಎಂದು ಸಿಸ್ಟರಮ್ಮ ಹೊಸ ಕೋಲು ಊರಿಕೊಂಡು ಮನೆಯ ಕಡೆ ಹೊರಟೇಬಿಡುತ್ತಾರೆ. ಕಬ್ಬಿಣದ ಕೋಲು ಇಲ್ಲೇ ಉಳಿಯುತ್ತದೆ.

ಕೋಲಣ್ಣ ನಿಧಾನವಾಗಿ ಕೈಯ ಪಟ್ಟಿ ಬಿಚ್ಚುತ್ತಾರೆ. ಕಣ್ಣು ಒದ್ದೆಯಾಗಿದೆ, ಮರದ ಪುಡಿ ಎನ್ನುತ್ತಾರೆ. ಗೋಡೆಯ ಗೂಟದಲ್ಲಿ ಕಳೆದ ವರ್ಷ ಸಿಸ್ಟರಮ್ಮ ಬಿಟ್ಟುಹೋದ ಕೋಲು ನೇತಾಡುತ್ತಿದೆ. ಇನ್ನು ಅದನ್ನು ಒಲೆಗೆ ಹಾಕೋಣವೇ ಎಂದು ಹೆಂಡತಿ ಕೇಳುತ್ತಾರೆ. ಕೋಲಣ್ಣ ಅದನ್ನು ಇಳಿಸಿ ಹಿಡಿಯುತ್ತಾರೆ. ಬಾಗಿದ ಹೆಬ್ಬೆರಳು ಅದರ ತಗ್ಗಿನಲ್ಲಿ ಸರಿಯಾಗಿ ಹೋಗಿ ಕೂರುತ್ತದೆ.

"ಬೇಡ ಕಣೇ. ಗೊತ್ತಿಲ್ದೇನೇ ನನ್ನ ಕೋಲು ನಾನೇ ಮಾಡ್ಕೊಂಡಿದ್ದೀನಿ" ಎಂದು ಅದನ್ನು ಮತ್ತೆ ಗೂಟಕ್ಕೆ ಸಿಕ್ಕಿಸುತ್ತಾರೆ. "ಇರ್ಲಿ ಅಲ್ಲೇ. ಇನ್ನೂ ಒಂದಷ್ಟು ಜನರದ್ದು ಮಾಡೋದಿದೆ. ಅಲ್ಲೀತನಕ ನನಗೆ ಇದು ಬೇಕಾಗದಿದ್ರೆ ಸಾಕು."