ಮಾಮಾ ಅಂದ ಹೂಂ

ಮಾಮಾನ ಬಲಗೈ ಬೆರಳುಗಳು ಅರ್ಧ ಮುಷ್ಟಿಯಲ್ಲೇ ನಿಂತುಬಿಟ್ಟಿದ್ದವು, ಕಾಣದ ಲೋಟವೊಂದನ್ನು ಹಿಡಿದಂತೆ. ಬಲಗೈ ಎಂದೇ ನನ್ನ ನೆನಪು. ನನ್ನ ತಮ್ಮ ಎಡಗೈ ಅನ್ನುತ್ತಾನೆ. ಇರುವ ಫೋಟೊಗಳಲ್ಲಿ ಆ ಕೈ ಶಾಲಿನೊಳಗಿದೆ. ಇನ್ನೂ ಕೆಲವನ್ನು ನಾನು ತಪ್ಪಾಗಿ ನೆನೆಯುತ್ತಿರಬಹುದು.

ಅವರು ನನ್ನ ತಾಯಿಯ ತಮ್ಮ, ಮುದ್ದೇಬಿಹಾಳದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಮಾಸ್ತರರು. ಲಕ್ವಾ ಹೊಡೆದ ಮೇಲೆ ಕೆಲಸ ಬಿಟ್ಟರು, ಪ್ರೋಗ್ರಾಂ ಬರೆಯುವುದನ್ನು ಬಿಡಲಿಲ್ಲ. ಸುತ್ತಲಿನ ಕೆಲವು ದವಾಖಾನೆಗಳಿಗೆ ಆ್ಯಪ್ ಒಂದನ್ನು ಮಾಡಿಕೊಟ್ಟಿದ್ದರು. ಹಾವು ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ ಇವತ್ತು ಎಲ್ಲಿದೆ ಎಂದು ಅದು ತೋರಿಸುತ್ತಿತ್ತು. ಹೊಲದಿಂದ ಹೊತ್ತು ತಂದವರು ಊರೂರು ಅಲೆಯಬಾರದಲ್ಲ.

ಅದರ ಕೋಡ್ ನೋಡಿಕೊಳ್ಳಲು ಎಐ ಏಜೆಂಟ್ ಇತ್ತು. ಬಾಯಲ್ಲಿ ಹೇಳಿದ ಕೆಲಸ ಮಾಡುತ್ತಿತ್ತು. ಓದಲು ಅದಕ್ಕೆ ತಡೆಯಿಲ್ಲ. ಒಂದು ಸಾಲು ತಿದ್ದಬೇಕಾದರೂ "ಬದಲಿಸಲೇ?" ಎಂದು ಕೇಳಬೇಕು. ಮಾಮಾ "ಹೂಂ" ಅಂದರಷ್ಟೇ ತಿದ್ದುವ ಟೂಲ್ ತೆರೆಯುತ್ತಿತ್ತು.

"ಹೊಸಾ ಸೊಸಿ ಬಂದಂಗಾತು ನೋಡ್ರಿ, ಎಲ್ಲಾ ಕೇಳಿ ಮಾಡತೈತಿ," ಎಂದು ಮಾಮಾನ ಹೆಂಡತಿ, ನಮ್ಮ ಅತ್ತಿ, ನಗುತ್ತಿದ್ದಳು.

"ನೀ ಯಾವಾಗ ಕೇಳ್ದಿ? ನೀ ಬರೇ ಹೇಳಾಕಿ," ಅನ್ನುತ್ತಿದ್ದರು ಮಾಮಾ.

ಪ್ರತಿ ಸಲ ಕೇಳಿಸಿಕೊಳ್ಳುವುದು ಬೇಸರವಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. "ಓದೂದು ಯಾರರೇ ಓದಲಿ ಯವ್ವಾ, ಮುಟ್ಟೂದಕ್ಕ ಮನಿಯವ್ರನ್ನ ಕೇಳಬೇಕು," ಅಂದರು.

ನಮ್ಮ ಕಡೆ ಒಪ್ಪಿಗೆಗೂ ಹೂಂ, ಮಾತು ಕೇಳುತ್ತಿದ್ದೇನೆ ಎನ್ನುವುದಕ್ಕೂ ಹೂಂ. ಹೂಂಗುಟ್ಟದಿದ್ದರೆ ಹೇಳುವವರು ಮಾತೇ ನಿಲ್ಲಿಸುತ್ತಾರೆ. ಏಜೆಂಟಿಗೆ ಗೊತ್ತಿದ್ದದ್ದು ಮೊದಲನೆಯದೊಂದೇ.

ಮುಂದಿನದನ್ನು ನಾನು ಕಣ್ಣಾರೆ ಕಂಡಂತೆ ನೆನಪಾಗುತ್ತದೆ. ನಾನು ಅಲ್ಲಿರಲಿಲ್ಲ, ಮಾಮಾ ಹೇಳಿದ್ದು. ದವಾಖಾನೆಯೊಂದು ಆ ದಿನದ ವರದಿ ಕಳಿಸದಿದ್ದರೆ ಆ್ಯಪ್ "ಗೊತ್ತಿಲ್ಲ" ಎಂದು ತೋರಿಸಬೇಕು. ಅದರ ಬದಲು ಹಿಂದಿನ ವರದಿಯನ್ನೇ ತೋರಿಸಬಹುದೆಂದು ಏಜೆಂಟ್ ಸೂಚಿಸಿ, "ಬದಲಿಸಲೇ?" ಎಂದಿತು. ಅತ್ತಿ ಅಡುಗೆಮನೆ ಬಾಗಿಲಲ್ಲಿ ನಿಂತು ಏನೋ ಹೇಳುತ್ತಿದ್ದಳು. ಅವಳತ್ತ ತಿರುಗಿದ್ದ ಮಾಮಾ "ಹೂಂ" ಅಂದರು. ಸಾಲು ಬದಲಾಯಿತು.

ಅದೇ ವಾರ ದೇವರ ಹಿಪ್ಪರಗಿ ಹತ್ತಿರ ತೊಗರಿ ಹೊಲದಲ್ಲಿ ಹೆಂಗಸೊಬ್ಬಳಿಗೆ ಹಾವು ಕಚ್ಚಿತು. ಅಲ್ಲಿನ ದವಾಖಾನೆಯ ಕಂಪೌಂಡರ್ ಆ್ಯಪ್ ನೋಡಿ ಸಿಂದಗಿಗೆ ಕಳಿಸಿದ. ಅಲ್ಲಿ ಇಂಜೆಕ್ಷನ್ ಮುಗಿದಿತ್ತು, ಆ್ಯಪ್ ತೋರಿಸಿದ್ದು ಹಿಂದಿನ ವರದಿ. ಮುಂದಿನ ದವಾಖಾನೆಯ ದಾರಿಯಲ್ಲಿ ಅವಳು ತೀರಿಕೊಂಡಳು.

ಮಾಮಾ ಅವಳ ಮನೆಗೆ ಹೋಗಿದ್ದಾಗ ಜೊತೆಗೆ ನಾನಿದ್ದೆ. ಇದು ಖಚಿತ. ಅವರು ಎಲ್ಲವನ್ನೂ ಹೇಳಿದರು. ಅವಳ ಗಂಡ, "ನೋಡಿ ಹೂಂ ಅಂದ್ರೋ, ನೋಡದ ಅಂದ್ರೋ?" ಅಂದ.

"ನೋಡಿದ್ದಿಲ್ಲರಿ."

"ಹಂಗಾದ್ರ ಏಳ್ರಿ."

ಮಾಮಾ ಆ ಸಾಲನ್ನು ಮೊದಲಿನಂತೆ ಮಾಡಿ, ಟೂಲಿನ ಬೀಗವನ್ನೂ ಬದಲಿಸಿದರು. ಏಜೆಂಟ್ ಏನು ತಿದ್ದುತ್ತಿದೆ, ಅದರಿಂದ ಯಾರಿಗೆ ಏನಾಗುತ್ತದೆ ಎಂಬುದನ್ನು ತಾವೇ ಬಿಡಿಸಿ ಹೇಳುವ ತನಕ ಅದು ತೆರೆಯುತ್ತಿರಲಿಲ್ಲ.

ಆಮೇಲೆ ಅವರು ಮನುಷ್ಯರಿಗೂ ಹೂಂ ಅನ್ನಲಿಲ್ಲ. ನಾವು ಮಾತಾಡಿದರೆ ಮುಖ ನೋಡುತ್ತ ಕೂರುತ್ತಿದ್ದರು. ಅರ್ಧಕ್ಕೇ ನಮ್ಮ ಮಾತು ಸೋತುಹೋಗುತ್ತಿತ್ತು. ಬರಬರುತ್ತ ಅತ್ತಿಯೂ ಊಟಕ್ಕೆ ಕರೆಯುವುದೊಂದನ್ನು ಬಿಟ್ಟರೆ ಬೇರೇನೂ ಹೇಳದಾದಳು. ಎರಡನೆಯ ಲಕ್ವಾದಲ್ಲಿ ಮಾಮಾ ಹೋದಾಗ ಆ ಮನೆ ಮೊದಲೇ ಮೌನವಾಗಿತ್ತು.

ತಪ್ಪು ಯಾರದೆಂದು ನಾನು ಅತ್ತಿಯನ್ನು ಕೇಳಲಿಲ್ಲ. ಕೇಳಿದ್ದು ಒಂದೇ:

"ಅತ್ತಿ, ಆವತ್ತ ಬಾಗಲದಾಗ ನಿಂತು ಮಾಮಾಗ ಏನ್ ಹೇಳಾಕತ್ತಿದ್ದಿ?"