ಒಂದೇ ಗುಂಪಿನ ಎರಡು ಊರು

ತಿರುವನಂತಪುರದಲ್ಲಿದ್ದಾಗ ಭಾನುವಾರ ಬಂತೆಂದರೆ ನನಗೆ ತಲೆಶೂಲೆ. ಮನೆಯವರು ಹವಾಮಾನದ ವಿಜ್ಞಾನಿ. ಅದೇ ಕಚೇರಿಯ ಕಾಸರಗೋಡಿನ ಗೆಳೆಯರೊಬ್ಬರು ಅವಲಕ್ಕಿ ತಿನ್ನಲು ಬಂದು ಕೂತರೆ ಜಗಳ ಶುರು. ವಿಷಯವಾದರೂ ಎಂಥದ್ದು! ತಿರುವನಂತಪುರವನ್ನು ಕೊಚ್ಚಿಯ ಹಾಗೆ ಮಾನ್ಸೂನ್ ಹವೆಯ ಗುಂಪಿಗೆ ಹಾಕಬೇಕೋ, ಒಣಹವೆಯ ಗುಂಪಿಗೋ?

"ಅಲ್ಲ ಮಾರಾಯ, ಇಲ್ಲಿ ಬೇಸಿಗೆಯಲ್ಲಿ ಹಪ್ಪಳ ಒಣಗ್ತದೆ. ಕೊಚ್ಚಿಯಲ್ಲಿ ಒಣಗ್ತದಾ?" ಎಂದು ಗೆಳೆಯರು.

"ಹಪ್ಪಳಾ ನೋಡಿ ಊರಿಗೆ ಜಾತಿ ಹಚ್ಚೂದಲ್ಲೋ! ಮಳಿ ಲೆಕ್ಕಾ ನೋಡು. ಎರಡೂ ಒಂದ ಗುಂಪು," ಎಂದು ಧಾರವಾಡದ ನಮ್ಮ ಮನೆಯವರು.

"ಮಳಿ ಎಲ್ಲೂ ಓಡಿ ಹೋಗೂದಿಲ್ರೀ, ಮೊದಲ ಚಹಾ ಕುಡೀರಿ, ಆರತದ," ಎಂದು ನಾನು ಗದರುತ್ತಿದ್ದೆ.

ಅಷ್ಟರಲ್ಲಿ ಮನೆಯವರಿಗೆ ಕೊಚ್ಚಿಯಲ್ಲಿ ಬಡ್ತಿಯ ಹುದ್ದೆ ಬಂತು. ಒಪ್ಪಬಹುದಿತ್ತು, ಬಿಡಬಹುದಿತ್ತು. ನನ್ನ ಚಿಂತೆಯೆಲ್ಲ ಮಗಳದು. ಆರು ವರ್ಷದ ಕೂಸಿಗೆ ಉಬ್ಬಸ. ಮೋಡ ಕಪ್ಪಾದರೆ ಸಾಕು, ಕಿಟಕಿ ಮುಚ್ಚಲು ಓಡುತ್ತಿದ್ದೆ. ಅಲ್ಲಿ ಥಂಡಿ ಹೆಚ್ಚೇನ್ರೀ ಎಂದು ಕೇಳಿದೆ. "ಒಂದ ಗುಂಪು ಅಂತ ಎಷ್ಟ ಸಲಾ ಹೇಳ್ಲಿ? ಇಲ್ಲೆ ಹೆಂಗೋ ಅಲ್ಲೆ ಹಂಗ," ಎಂದರು. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರನ್ನು ಕೇಳುತ್ತಿದ್ದರು. ಈ ಪುಣ್ಯಾತ್ಮ ಮಳೆಯ ಸರಾಸರಿಯನ್ನು ಕೇಳಿದರು.

ಬಡ್ತಿ ಒಪ್ಪಿ ಕೊಚ್ಚಿಗೆ ಹೋಗಿ ಪಾಲಾರಿವಟ್ಟಂನಲ್ಲಿ ಬಾಡಿಗೆ ಮನೆ ಹಿಡಿದೆವು. ಮಳೆ ಹಿಡಿಯಿತು ನೋಡಿ, ಗೋಡೆಗೆ ಬೂಷ್ಟು, ಬೂಟಿಗೆ ಬೂಷ್ಟು, ಹಾಸಿಗೆ ಮುಟ್ಟಿದರೆ ತೇವ. ಮಗಳ ಎದೆಯಿಂದ ಸಿಳ್ಳೆಯಂಥ ಸದ್ದು. ಅಡುಗೆಮನೆಯಲ್ಲಿದ್ದರೂ ನನ್ನ ಕಿವಿ ಆ ಸದ್ದಿನ ಮೇಲೇ. ಸದ್ದು ಬಂದರೆ ಹೆದರಿಕೆ, ನಿಂತರೆ ಇನ್ನೂ ಹೆದರಿಕೆ.

ಒಂದು ಮಧ್ಯಾಹ್ನ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಅಮ್ಮೇ, ಶ್ವಾಸಂ ಕಿಟ್ಟುನ್ನಿಲ್ಲ." ಉಸಿರು ಸಿಗುತ್ತಿಲ್ಲವಂತೆ. ಮಲಯಾಳದಲ್ಲಿ ಮಾತಾಡಿದರೆ ನಾನು ಯಾವಾಗಲೂ ಬೈಯುತ್ತಿದ್ದೆ. ಅವತ್ತು ಮುಖ ನೋಡಿದೆ. ತುಟಿ ನೀಲಿಗಟ್ಟಿತ್ತು. ಎತ್ತಿಕೊಂಡು ಓಡಿ ಆಟೋ ಹತ್ತಿದೆ. "ಚೇಟ್ಟಾ, ವೇಗಂ, ವೇಗಂ!" ಅಣ್ಣಾ ಬೇಗ ಎಂದು ಆಟೋದವನಿಗೆ ದಾರಿಯುದ್ದ ಚೀರಿದೆ. ನನ್ನ ತೊಡೆಯ ಮೇಲೇ ಹೋಗಿಬಿಡುತ್ತಾಳೆ ಎನ್ನಿಸಿತು. ದೇವರೇ, ಅಂಥ ಹೆದರಿಕೆ ಶತ್ರುವಿಗೂ ಬೇಡ.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿದರು. ಬಹಳ ಹೊತ್ತಿನ ಮೇಲೆ ಉಸಿರು ಹಿಡಿತಕ್ಕೆ ಬಂತು. ಮನೆಯವರು ಕಚೇರಿಯಿಂದ ತೊಯ್ದುಕೊಂಡೇ ಬಂದರು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ, ಸಾಧ್ಯವಾದರೆ ಒಣಹವೆಯ ಊರಿಗೆ ಹೋಗಿ, ಇನ್ನೊಮ್ಮೆ ಹೀಗಾದರೆ ಇಲ್ಲಿಯವರೆಗೆ ತರಲಾದೀತೋ ಇಲ್ಲವೋ ಎಂದರು.

ಮನೆಯವರು ತಟ್ಟನೆ ಎದ್ದರು. "ತಿರುವನಂತಪುರಕ್ಕ ವಾಪಸ್ ಹೋಗೂಣು. ಬಡ್ತಿ ಹಾಳಾಗಿ ಹೋಗ್ಲಿ. ಅಂವ ಹೇಳ್ತಿದ್ನಲ್ಲ, ಅಲ್ಲೆ ಒಣಾ ಹವಾ ಅಂತ!" ಮಗಳನ್ನು ನರ್ಸಮ್ಮನಿಗೆ ಒಪ್ಪಿಸಿ, ಆ ಕಾಸರಗೋಡಿನ ಗೆಳೆಯರಿಗೆ ಫೋನು ಮಾಡಲು ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿಗೆ ಹೋದೆವು. ನಾನೂ ರಿಸೀವರಿಗೆ ಕಿವಿ ಹಚ್ಚಿ ನಿಂತೆ.

"ತಿರುವನಂತಪುರದ್ದು ಬ್ಯಾರೆ ಗುಂಪು, ಹೌದಲ್ಲೋ? ಖರೇ ಹೇಳು," ಎಂದು ಕೇಳಿದರು. ಮಗಳ ಮಾತು ಇನ್ನೂ ಎತ್ತಿರಲಿಲ್ಲ.

ಆ ಕಡೆ ಗೆಳೆಯರು ಗಹಗಹಿಸಿ ನಕ್ಕರು. "ನಾನು ಸೋತೆ ಮಾರಾಯ! ಹೊಸ ಲೆಕ್ಕ ಹಾಕಿ ನೋಡಿದೆ. ನೀನು ಹೇಳಿದ್ದೇ ಸರಿ, ಎರಡೂ ಒಂದೇ ಗುಂಪು."

"ಇನ್ನೊಮ್ಮೆ ಲೆಕ್ಕಾ ಹಾಕೋ," ಎಂದರು ಮನೆಯವರು. "ನಿನಗ ಕೈ ಮುಗೀತೀನಿ, ಇನ್ನೊಮ್ಮೆ ಹಾಕಿ ನೋಡೋ."