ತಮ್ಮ ಪಾಠವನ್ನು ನಮ್ಮ ಮುಂದೆ ತೆರೆದಿಟ್ಟವರು

ಪಾಠ ಹೇಳುವವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ತಮ್ಮ ಪಾಠ ಎಲ್ಲಿ ಎಡವಿತೆಂದು ಸಹೋದ್ಯೋಗಿಗಳನ್ನು ಕರೆದು ಕೇಳುವವರು ವಿರಳ. ಮೂವತ್ತನಾಲ್ಕು ವರ್ಷ ಗಣಿತ ಬೋಧಿಸಿ ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲ 'ಅಕ್ಕ' ಎಂದೇ ಕರೆಯುವ ನಮ್ಮ ಹಿರಿಯ ಶಿಕ್ಷಕಿ ಆ ವಿರಳರಲ್ಲಿ ಅಗ್ರಗಣ್ಯರು.

ನಾನು ವಿಜ್ಞಾನ ಶಿಕ್ಷಕನಾಗಿ ಈ ಶಾಲೆಗೆ ಬಂದಾಗ ಅವರ ಸೇವೆಗೆ ಹದಿನೆಂಟು ವರ್ಷ ತುಂಬಿತ್ತು. ಆಗ ಇಲ್ಲಿ ಪ್ರತಿ ತರಗತಿಯೂ ಬಾಗಿಲು ಹಾಕಿದ ಕೋಟೆ. ನನ್ನ ಕೋಟೆಯ ಸಮಾಚಾರವಂತೂ ಕಾರಿಡಾರಿಗೆಲ್ಲ ಗೊತ್ತಿತ್ತು: ಮಕ್ಕಳ ಗದ್ದಲ, ಅದರ ಮೇಲೆ ನನ್ನ ಕಿರುಚಾಟ. ವರ್ಷ ತುಂಬುವ ಮುನ್ನವೇ ರಾಜೀನಾಮೆ ಬರೆದು, ಮುಖ್ಯೋಪಾಧ್ಯಾಯರಿಗೆ ಕೊಡುವ ಮೊದಲು ಓದಿ ನೋಡಲೆಂದು ಸ್ಟಾಫ್ ರೂಮಿನಲ್ಲಿ ಅಕ್ಕನ ಕೈಗಿತ್ತೆ. ಅವರು ಉಪದೇಶ ಮಾಡಲಿಲ್ಲ.

"ಇದನ್ನ ನಾಳೆ ಕೊಡಿ, ಯಾರು ಬೇಡ ಅಂತಾರೆ? ಇವತ್ತು ನನ್ನ ಕ್ಲಾಸಿಗೆ ಬನ್ನಿ. ಭಿನ್ನರಾಶಿ ಭಾಗಾಕಾರ, ಪ್ರತಿ ವರ್ಷ ಕೆಡುತ್ತೆ. ಎಲ್ಲಿ ಕೆಡುತ್ತೆ ನೋಡಿ ಹೇಳಿ."

ಹೋಗಿ ಕೂತೆ. ಅರ್ಧವನ್ನು ಕಾಲಿನಿಂದ ಭಾಗಿಸಿದಾಗ ಎರಡು ಬಂದಿತು. "ಭಾಗ ಮಾಡಿದ್ರೆ ಕಡಿಮೆ ಆಗ್ಬೇಕಲ್ವಾ ಮಿಸ್?" ಎಂದಳು ಒಬ್ಬ ಹುಡುಗಿ. ಅಕ್ಕ ಸೂತ್ರವನ್ನೇ ಮತ್ತೊಮ್ಮೆ ಹೇಳಿ ಮುಂದೆ ಹೋದರು. ಪಾಠ ಮುಗಿದ ಮೇಲೆ, "ಆ ಹುಡುಗಿಗೆ ನೀವು ಉತ್ತರ ಕೊಡ್ಲಿಲ್ಲ" ಎಂದು ಹೆದರುತ್ತಲೇ ಹೇಳಿದೆ. ಅವರ ಮುಖ ಒಂದು ಕ್ಷಣ ಕೆಂಪಾಯಿತು. ಆಮೇಲೆ ನಕ್ಕರು: "ಹೌದಲ್ಲ! ಹದಿನೆಂಟು ವರ್ಷದಿಂದ ಕೊಟ್ಟಿಲ್ಲ!"

ಇಬ್ಬರೂ ಕೂತು ಕಾಗದದ ಪಟ್ಟಿಗಳನ್ನು ಕತ್ತರಿಸಿದೆವು. ಮರುದಿನ ಅದೇ ಪಾಠ. ಅರ್ಧ ಪಟ್ಟಿಯ ಮೇಲೆ ಕಾಲು ಪಟ್ಟಿ ಎಷ್ಟು ಸಲ ಕೂರುತ್ತದೆಂದು ಇಟ್ಟು ನೋಡಿದ ಆ ಹುಡುಗಿ "ಎರಡು ಸಲ!" ಎಂದು ಕೂಗಿದ್ದು ಪಕ್ಕದ ಕೋಣೆಗೂ ಕೇಳಿತು. ಮುಂದಿನ ವಾರ ಅವರು ನನ್ನ ತರಗತಿಯಲ್ಲಿ ಕೂತರು, ಗದ್ದಲದ ಮಾತೆತ್ತದೆ ಒಂದೇ ಒಂದು ಸಂಗತಿ ಹೇಳಿದರು: "ಪ್ರಶ್ನೆ ನೀವೇ ಕೇಳ್ತೀರಿ, ಉತ್ತರಾನೂ ನೀವೇ ಹೇಳ್ತೀರಿ. ಐದು ಎಣಿಸೋವರೆಗೆ ಸುಮ್ಮನಿರಿ ನೋಡೋಣ." ಆ ಐದು ಎಣಿಸಲು ನನಗೆ ಒಂದು ತಿಂಗಳೇ ಹಿಡಿಯಿತು. ರಾಜೀನಾಮೆ ಪತ್ರ ಎಲ್ಲಿ ಹೋಯಿತೋ ಈಗ ನೆನಪಿಲ್ಲ.

ಹೀಗೆ ಇಬ್ಬರಿಂದ ಮೊದಲಾದ ಶನಿವಾರದ ಕೂಟ ಹನ್ನೊಂದು ಮಂದಿಗೆ ಬೆಳೆಯಿತು. ಒಬ್ಬರ ಪಾಠವನ್ನು ಮತ್ತೊಬ್ಬರು ನೋಡುವುದು, ಕಂಡದ್ದನ್ನು ಒಂದೇ ಪುಸ್ತಕದಲ್ಲಿ ಬರೆಯುವುದು, ಮುಂದಿನ ಪಾಠವನ್ನು ಕೂಡಿ ಕಟ್ಟುವುದು. ಆ ಪುಸ್ತಕವೇ ಅಕ್ಕನಿಗೆ ಸಂಕಟ ತಂದಿತು. ತಪಾಸಣೆಗೆ ಬಂದ ಅಧಿಕಾರಿ, ದುರ್ಬಲ ಶಿಕ್ಷಕರ ಪಟ್ಟಿ ಮಾಡಲು ಅದನ್ನು ಕೇಳಿದರು. ಅಕ್ಕನಿಗೆ ಮುಖ್ಯೋಪಾಧ್ಯಾಯರ ಹುದ್ದೆ ಆ ವರ್ಷ ಬಹುತೇಕ ಖಚಿತವಾಗಿತ್ತು.

"ಇದು ದೂರಿನ ಪುಸ್ತಕ ಅಲ್ಲ ಸರ್. ಇವರು ನಂಬಿ ಬರೆದಿದ್ದಾರೆ. ನನ್ನ ಪಾಠದ ಪುಟ ಬೇಕಿದ್ರೆ ನಾನೇ ಓದ್ತೀನಿ" ಎಂದು ಅಕ್ಕ ಪುಸ್ತಕ ಕೊಡದೆ, ತಮ್ಮ ತಪ್ಪುಗಳನ್ನು ನಮ್ಮೆಲ್ಲರೆದುರು ನಿಂತು ಓದಿದರು. ಹುದ್ದೆ ಬೇರೆಯವರ ಪಾಲಾಯಿತು. ನಾವು ಪೆಚ್ಚಾಗಿ ಕೂತಿದ್ದಾಗ, "ಆ ಹೆಡ್ ಮಾಸ್ಟರ್ ಕೋಣೇಲಿ ಕರಿಹಲಗೆಯೇ ಇಲ್ಲ, ನಾನೇನು ಮಾಡ್ಲಿ ಅಲ್ಲಿ?" ಎಂದು ನಗಿಸಿದರು. ಮನೆಯಲ್ಲಿ ಅವರು ಎರಡು ದಿನ ಮಾತೇ ಆಡಿರಲಿಲ್ಲವೆಂದು ಅವರ ಯಜಮಾನರು ಹೇಳಿದ್ದು ಎಷ್ಟೋ ಕಾಲದ ಮೇಲೆ.

ಕೂಟದತ್ತ ಎಂದೂ ಸುಳಿಯದ ಒಬ್ಬ ಹಿರಿಯ ಭಾಷಾ ಶಿಕ್ಷಕರು ನಮ್ಮಲ್ಲಿದ್ದಾರೆ. ಕಳೆದ ವಾರ ಅವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ನೀವು ಹೋಗೋದ್ರೊಳಗೆ ಒಂದ್ಸಲ ನನ್ನ ಕ್ಲಾಸ್ ನೋಡಿ ಅಕ್ಕ" ಎಂದರು. ಅಕ್ಕ ಕೈಯಲ್ಲಿದ್ದ ಚಹಾವನ್ನು ಹಾಗೇ ಬಿಟ್ಟು ಎದ್ದರು.

ನಿವೃತ್ತಿ ಅವರ ಸೇವೆಗೇ ಹೊರತು ಅವರ ಕುತೂಹಲಕ್ಕಲ್ಲ. ಹಾಜರಿ ಪುಸ್ತಕದ ಹಂಗಿಲ್ಲದ ದೀರ್ಘಾಯುಷ್ಯ ಅವರದಾಗಲಿ. ಯಾವ ಶಾಲೆಯ ಯಾವ ಕೋಣೆಯಲ್ಲಿ ಅವರು ಕೂರಬಯಸಿದರೂ, ಒಳಗಿರುವವರು ಬಾಗಿಲು ತೆರೆಯಲಿ.